ಮಂತ್ರಿಗೊಂದು ಒಳ್ಳೆಯ ಸಾವು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ನೋಡಿದರೆ ಈ ಮನುಷ್ಯ ರಾಜನಿಗೆ ವಿಷ ಹಾಕಿದವನು, ಬೊಕ್ಕಸಕ್ಕೆ ಕನ್ನ ಕೊರೆದವನು, ಸೇನಾಪತಿಯ ತಲೆ ತೆಗೆಸಿದವನು ಎಂದು ಯಾರೂ ಹೇಳಲಾರರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿಗೆ ಸಿಕ್ಕಿಸಿದ ಕನ್ನಡಕ, ಮಂಡಿನೋವಿಗೆ ಕಟ್ಟಿದ ಪಟ್ಟಿ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು ಕಣಮ್ಮಾ" ಎನ್ನುತ್ತ ಊರು ಸುತ್ತುವುದೇ ಅವರ ಕಸುಬು. ಆ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಸ್ಟೀರಿಂಗ್ ಹಿಡಿದವರು ತಾವೇ ಓಡಿಸುತ್ತಿದ್ದೇವೆ ಎಂದು ಎದೆಯುಬ್ಬಿಸಿಕೊಂಡಿರುತ್ತಾರೆ. ಅರ್ಧ ಓಡಿಸುವುದು ಮೇಷ್ಟ್ರ ಕಾಲು. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಪಾಪ, ಕಲಿಯುವವರ ಧೈರ್ಯ ಇಳಿದುಹೋಗುತ್ತದೆ ಎಂಬುದು ಅವರ ವಾದ.

ವಿಷ, ಕನ್ನ, ಪಿತೂರಿ ಎಲ್ಲ ನಡೆಯುತ್ತಿದ್ದದ್ದು ಕಂಪ್ಯೂಟರಿನ ಮೇಲೆ. ಅದೊಂದು ಆನ್‌ಲೈನ್ ಆಟ. ಚಿತ್ರವಿಲ್ಲ, ಬಂದೂಕಿಲ್ಲ, ಚಂಗನೆ ನೆಗೆಯುವ ಕುದುರೆಯಿಲ್ಲ, ಬರೀ ಬರವಣಿಗೆ. ಒಬ್ಬೊಬ್ಬರದು ಒಂದೊಂದು ಪಾತ್ರ. ರಾಣಿಯ ಪಾತ್ರದವಳು ರಾಣಿ ಏನು ಮಾಡಿದಳು, ಏನಂದಳು ಎಂದು ಬರೆದರೆ, ಅದಕ್ಕೆ ಅಂಬಿಗ ಏನಂದ ಎಂದು ಅಂಬಿಗನ ಪಾತ್ರದವನು ಬರೆಯಬೇಕು. ಹೀಗೆ ಒಬ್ಬರ ಬಾಲ ಒಬ್ಬರು ಹಿಡಿದುಕೊಂಡು ಒಂದು ರಾಜ್ಯದ ಕಥೆ ವರ್ಷಗಟ್ಟಲೆ ಸಾಗುತ್ತಿತ್ತು. ಯಾರು ಗೆದ್ದರು, ಯಾರು ಸೋತರು ಎಂದು ಹೇಳಲು ದಾಳವಿಲ್ಲ, ಅಂಪೈರಿಲ್ಲ. ನಾನು ಹೊಡೆದ ಏಟು ನಿನಗೆ ತಾಗಿತೋ ಇಲ್ಲವೋ ಎಂದು ಬರೆಯುವ ಹಕ್ಕು ಏಟು ತಿಂದವರದ್ದೇ. ಸುಳ್ಳು ಹೇಳಿದರೆ ಉಳಿದವರು ಮುಖಕ್ಕೆ ಉಗಿಯುತ್ತಾರೆ, ಅಷ್ಟೇ. ಇದನ್ನೆಲ್ಲ ಕಟ್ಟಿ ನಿಲ್ಲಿಸಿದವನು ಎಲ್ಲೋ ಒಂದು ಊರಿನ ಔಷಧಿ ಅಂಗಡಿಯವನು. ಅವನನ್ನು ಎಲ್ಲರೂ ಯಜಮಾನ ಎನ್ನುತ್ತಿದ್ದರು.

ಮೇಷ್ಟ್ರನ್ನು ಅಲ್ಲಿಗೆ ಎಳೆದದ್ದು ಆಟದ ಮೋಹವಲ್ಲ. ರಾಣಿಯ ಪಾತ್ರ ಮಾಡುತ್ತಿದ್ದವಳು ಅವರ ಮಗಳು, ಇದ್ದೊಬ್ಬ ಮಗಳು. ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅವಳ ಕೆಲಸ. ಗಿರಾಕಿಗಳು ತಂದ ಬಟ್ಟೆಯ ಚೂರಿಗೋ ತಗಡಿನ ಚೂರಿಗೋ ಸರಿಹೊಂದುವ ಹಾಗೆ ಬಣ್ಣ ಬೆರೆಸಿ ಕೊಡಬೇಕು. ಸೇರಿದ ಹೊಸತರಲ್ಲಿ ಅವಳಿಗೆ ರಾತ್ರಿ ಪಾಳಿ ಬಿತ್ತು. ಮಗಳು ಸೊರಗುತ್ತಿದ್ದಾಳೆ, ಊಟ ಸೇರುತ್ತಿಲ್ಲ ಎಂದು ಮೇಷ್ಟ್ರಿಗೆ ಸಂಕಟ ಶುರುವಾಯಿತು. ಅವಳು ಹೇಳಿದ್ದಳೇ? ಇಲ್ಲ. ಕೇಳಿದ್ದಳೇ? ಅದೂ ಇಲ್ಲ. ಒಂದು ಬೆಳಗ್ಗೆ ತಾವೇ ಹೊಸ ಅಂಗಿ ಹಾಕಿಕೊಂಡು ಕಾರ್ಖಾನೆಗೆ ಹೋದರು, ಮೇಲ್ವಿಚಾರಕನನ್ನು ಕಂಡರು, ಪಾಳಿ ಮುಗಿಸಿ ನಿಂತಿದ್ದ ಮಗಳೂ ಸೇರಿ ಲ್ಯಾಬಿನ ಅಷ್ಟೂ ಜನರೆದುರು ಕೈಮುಗಿದು "ಮಗು ತುಂಬಾ ಸೂಕ್ಷ್ಮ ಸಾರ್" ಎಂದರು. ಪಾಳಿ ಬದಲಾಯಿತು. ಜೊತೆಗೆ ಅವಳ ಹೆಸರೂ ಬದಲಾಯಿತು. ಸೀಸೆ ತೊಳೆಯುವವನಿಂದ ಹಿಡಿದು ಎಲ್ಲರ ಬಾಯಲ್ಲೂ ಅವಳು "ಸೂಕ್ಷ್ಮ ಮಗು" ಆದಳು.

ಅವಳು ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ಬೈದು, ಬಾಗಿಲು ಬಡಿದು, ಸಂಜೆಗೆ ಸರಿಹೋಗುತ್ತಿತ್ತು. ತುಟಿ ಪಿಟಕ್ಕೆನ್ನದೆ ಬೇರೆ ಊರಿನ ಕಾರ್ಖಾನೆಗೆ ವರ್ಗ ಮಾಡಿಸಿಕೊಂಡು ಹೊರಟೇಹೋದಳು. ಆಮೇಲೆ ಫೋನ್ ಮಾಡಿದರೆ "ಹೂಂ", "ಆಯ್ತು", "ಇಡ್ತೀನಿ" ಅಷ್ಟೇ. ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರ ಹೆಂಡತಿಯೇ ಒಮ್ಮೆ, ಮಗಳು ಅದೇನೋ ಆಟದಲ್ಲಿ ದಿನವೂ ಬರೆಯುತ್ತಾಳಂತೆ ಎಂದು ಬಾಯಿ ಜಾರಿ ಹೇಳಿದ್ದು. ಮೇಷ್ಟ್ರು ಅಂದೇ ಮಗಳಿಗೆ ಫೋನ್ ಮಾಡಿ, "ನಾನೂ ಬರ್ಲಾ?" ಎಂದು ಕೇಳಿದರು. ಮುಖ ಮುರಿಯಲಾರದೆ ಅವಳು, "ದುಷ್ಟ ಮಂತ್ರಿ ಪಾತ್ರ ಒಂದೇ ಖಾಲಿ ಇರೋದು. ಬೇಕಾದ್ರೆ ಬಾ" ಎಂದಳು. ದುಷ್ಟನೋ ಶಿಷ್ಟನೋ, ಮೇಷ್ಟ್ರು ಮರುದಿನವೇ ಹಾಜರಾದರು.

ಫೋನಿನಲ್ಲಿ ಎರಡು ಮಾತಿಗೆ ಬರ ಬಂದಿದ್ದ ಮಗಳು ಅಲ್ಲಿ ಪುಟಗಟ್ಟಲೆ ಬೈಯುತ್ತಿದ್ದಳು. "ಎಲೈ ಹಾವಿನಂಥ ಮಂತ್ರಿ" ಎಂದು ರಾಣಿ ಶುರು ಮಾಡಿದರೆ ಮೇಷ್ಟ್ರ ಮುಖ ಅರಳುತ್ತಿತ್ತು.

"ಕೇಳಿಸ್ಕೊಳ್ಳೇ ಇಲ್ಲಿ, ಇವತ್ತು ನನ್ನನ್ನ ಏನಂದಿದ್ದಾಳೆ ಗೊತ್ತಾ? ರಾಜ್ಯದ ಗೆದ್ದಲು ಅಂದಿದ್ದಾಳೆ!" ಎಂದು ಹೆಂಡತಿಗೆ ಓದಿ ಹೇಳುವರು.

"ಮಗಳು ಗೆದ್ದಲು ಅಂದ್ರೆ ಕುಣೀತಿರೋ ಅಪ್ಪನ್ನ ನಾನು ಬೇರೆ ಎಲ್ಲೂ ನೋಡಿಲ್ಲ ಬಿಡಿ" ಎನ್ನುವಳು ಆಕೆ.

ಈಗ ಮೇಷ್ಟ್ರು ಮಾಡಿದ ಎಡವಟ್ಟು ಏನೆಂದು ಹೇಳಬೇಕು. ಅವರು ಪ್ರತಿ ಸಲವೂ ಸೋಲುತ್ತಿದ್ದರು. ಬೇಕೆಂದೇ ಸೋಲುತ್ತಿದ್ದರು. ಮಂತ್ರಿ ರಾಣಿಯ ಅಣ್ಣನನ್ನು ಸೆರೆಯಲ್ಲಿಟ್ಟರೆ ಸೆರೆಮನೆಯ ಕಿಟಕಿಗೆ ಸರಳು ಹಾಕಿಸಲು ಮರೆಯುತ್ತಿದ್ದ. ಕೋಟೆಗೆ ಮುತ್ತಿಗೆ ಹಾಕಿದರೆ ಹಿಂದಿನ ಬಾಗಿಲಿಗೆ ಕಾವಲಿಡುತ್ತಿರಲಿಲ್ಲ. ರಾಣಿ ಬೀಸಿದ ಕತ್ತಿ ಗಾಳಿಯಲ್ಲಿ ಹೋದರೂ "ಮಂತ್ರಿಗೆ ಬಲವಾಗಿ ತಾಗಿತು" ಎಂದು ಮೇಷ್ಟ್ರು ಬರೆದುಬಿಡುತ್ತಿದ್ದರು. ಮಗಳಿಗೆ ನೋವಾಗಬಾರದು, ಮಗಳು ಗೆಲ್ಲಬೇಕು, ಗೆದ್ದು ಖುಷಿಯಾಗಿ ಇನ್ನೊಂದು ಪುಟ ಬೈಯಬೇಕು. ಅಷ್ಟೇ ಅವರ ಆಸೆ. ಆಟದಲ್ಲಿದ್ದವರೇನು ಕುರುಡರೇ? "ಮಂತ್ರಿ ಮತ್ತೆ ಕಿಟಕಿ ಬಿಟ್ಟ" ಎಂಬುದು ಅವರ ನಡುವೆ ಒಂದು ಮಾತೇ ಆಗಿಹೋಗಿತ್ತು.

ಈ ವರ್ಷ ದೊಡ್ಡ ಯುದ್ಧದ ಕಥೆಯೊಂದು ಶುರುವಾಗುವುದಿತ್ತು. ಅದನ್ನು ಮುಂದೆ ನಿಂತು ನಡೆಸುವವರು ಯಾರು ಎಂದು ಯಜಮಾನ ಕೇಳಿದಾಗ ರಾಣಿ, "ನಾನು ನಡೆಸುತ್ತೇನೆ" ಎಂದಳು. ಎಲ್ಲರೂ ಹರಟೆ ಹೊಡೆಯುವ ಜಾಗದಲ್ಲಿ ಅಂಬಿಗ ತಕ್ಷಣ ಬರೆದ: "ರಾಣಿ ಗೆದ್ದ ಯುದ್ಧ ಯಾವುದಿದೆ ಹೇಳಿ? ಅಪ್ಪ ಸೋತಿದ್ದಷ್ಟೇ ನಮಗೆ ಗೊತ್ತು." ಅದರ ಕೆಳಗೆ ಎಲ್ಲರದೂ ನಗುವ ಮುಖಗಳು. ಮೇಷ್ಟ್ರು ಏನು ಮಾಡಬೇಕಿತ್ತು, ಏನು ಮಾಡಿದರು! ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವ ದೊಡ್ಡ ಮನುಷ್ಯ ತಾನು ಎಂದು ತೋರಿಸಲು ತಾವೂ ಒಂದು ನಗುವ ಮುಖ ಒತ್ತಿದರು. ಮಗಳು ಅದನ್ನು ನೋಡಿದಳು. ಯುದ್ಧ ನಡೆಸುವವರು ಯಾರೆಂಬುದನ್ನು ಯಜಮಾನ ಆಮೇಲೆ ನೋಡೋಣ ಎಂದು ಮುಂದೂಡಿದ.

ಅಷ್ಟರಲ್ಲಿ ಆಟದ ಹುಟ್ಟುಹಬ್ಬ ಬಂತು. ಆಟ ಶುರುವಾದ ದಿನವನ್ನು ಅವರು ಪ್ರತಿ ವರ್ಷ ಆಚರಿಸುತ್ತಿದ್ದರು, ಅದೂ ತಮ್ಮದೇ ರೀತಿಯಲ್ಲಿ. ಯಾರಿಗೆ ಯಾವ ಪಾತ್ರ ಎಂದು ಯಜಮಾನ ಚೀಟಿ ಎತ್ತುತ್ತಾನೆ. ನಿಮ್ಮ ಪಾಲಿಗೆ ಬಂದ ಪಾತ್ರಕ್ಕೆ ನೀವು ಉಡುಗೊರೆ ಕೊಡಬೇಕು. ಆಡುವವರಿಗಲ್ಲ, ಪಾತ್ರಕ್ಕೆ. ಬೇಹುಗಾರ್ತಿಗೆ ಸದ್ದಿಲ್ಲದ ಪಾದರಕ್ಷೆ, ಕಮ್ಮಾರನಿಗೆ ಕಳೆದುಹೋದ ತಂಗಿ, ಹೀಗೆ. ಕೊಟ್ಟ ಉಡುಗೊರೆಯನ್ನು ಬೇಡ ಎನ್ನುವ ಹಾಗಿಲ್ಲ. ಅಂದೇ ಅದನ್ನು ಕಥೆಯಲ್ಲಿ ತಂದುಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ಉಡುಗೊರೆ ಎಂದರೆ "ಒಳ್ಳೆಯ ಸಾವು". ಬಹಳ ಕಾಲ ಬಾಳಿದ ಪಾತ್ರಕ್ಕೆ ಮಾತ್ರ ಅದು. ಸಾಯುವವನೇ ತನ್ನ ಸಾವನ್ನು ಬರೆಯಬೇಕು, ಉಡುಗೊರೆ ಕೊಟ್ಟವರ ಪಾತ್ರ ಎದುರಿಗೆ ನಿಂತು ಉತ್ತರ ಕೊಡಬೇಕು. ಆಮೇಲೆ ಆ ಪಾತ್ರದವನು ಕಥೆಯನ್ನು ಓದಬಹುದು, ಬರೆಯುವ ಹಾಗಿಲ್ಲ. ಹಿಂದೊಮ್ಮೆ ಮುದಿ ರಾಜನಿಗೆ ಈ ಗೌರವ ಸಿಕ್ಕಿತ್ತು. ಆ ಪಾತ್ರ ಮಾಡುತ್ತಿದ್ದ ನಿವೃತ್ತ ಲೈನ್‌ಮನ್ ಆನಂದದಿಂದ ಅತ್ತನಂತೆ.

ಮೇಷ್ಟ್ರ ಚೀಟಿಯಲ್ಲಿ ಅಂಬಿಗ ಬಂದಿದ್ದ. ತಮ್ಮ ಮಗಳನ್ನು ಆಡಿಕೊಂಡವನಿಗೂ ಅವರು ಸೋರದ ದೋಣಿಯೊಂದನ್ನು ಚೆಂದವಾಗಿ ಬರೆದು ಕೊಟ್ಟರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಮುಖ ತೊಳೆದು, ಯಾರದೋ ಮದುವೆಗೆ ಹೊರಟವರಂತೆ ತಲೆ ಬಾಚಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಪಕ್ಕದಲ್ಲಿ ಹೆಂಡತಿ ಹಾಸಿಗೆಯ ಹೊದಿಕೆಗಳನ್ನು ಮಡಚುತ್ತಿದ್ದಳು. ಒಂದೊಂದೇ ಉಡುಗೊರೆ ತೆರೆಯಿತು. ಬೇಹುಗಾರ್ತಿಗೆ ಗಿಳಿ ಬಂತು, ಕಮ್ಮಾರನಿಗೆ ಹೊಸ ಕುಲುಮೆ ಬಂತು. ಆಮೇಲೆ ರಾಣಿಯ ಹೆಸರಿನಲ್ಲಿ ಒಂದೇ ಸಾಲು ಬಂತು: "ಮಂತ್ರಿಗೆ, ಒಂದು ಒಳ್ಳೆಯ ಸಾವು."

ಎಲ್ಲರೂ ಹೋ ಎಂದರು. "ಅದೃಷ್ಟವಂತರು ಮೇಷ್ಟ್ರೇ!" "ಮಗಳಿಂದಲೇ ಸಿಕ್ಕಿತಲ್ಲ!" ಮೇಷ್ಟ್ರಿಗೆ ಅದು ಬೇಕಿರಲಿಲ್ಲ. ಆದರೂ "ಧನ್ಯವಾದಗಳು" ಎಂದು ಬರೆದರು. ಉಡುಗೊರೆಗೆ ಇನ್ನೇನು ಬರೆಯುತ್ತಾರೆ?

"ಏನ್ರೀ ಅದು? ಮಗಳು ಅಪ್ಪನಿಗೆ ಸಾವು ಕೊಟ್ಟಿದ್ದಾಳಾ? ಬಿಡ್ತು ಅನ್ನಿ!" ಎಂದು ಹೆಂಡತಿ ಹೊದಿಕೆ ಕೈಬಿಟ್ಟಳು.

"ನನಗಲ್ಲ ಕಣೇ, ಮಂತ್ರಿಗೆ. ಅದು ದೊಡ್ಡ ಗೌರವ. ನಿಂಗೆ ಗೊತ್ತಾಗಲ್ಲ."

"ಗೌರವ ಅಂತೀರಿ, ಮುಖ ನೋಡಿದ್ರೆ ಹರಳೆಣ್ಣೆ ಕುಡಿದ ಹಾಗಿದೆ."

ಮೇಷ್ಟ್ರು ಎದ್ದು ಬಾಲ್ಕನಿಗೆ ಹೋಗಿ ಮಗಳಿಗೆ ಫೋನ್ ಹಚ್ಚಿದರು. ಕೆಳಗೆ ಯಾರೋ ಸ್ಕೂಟರ್ ತೊಳೆಯುತ್ತಿದ್ದರು. ಮಗಳು ಬೇಗನೇ ಎತ್ತಿದಳು.

"ಪುಟ್ಟಿ, ನೋಡಿದೆ. ದೊಡ್ಡ ಉಡುಗೊರೆನೇ ಕೊಟ್ಟೆ."

"ಹೂಂ."

"ಚೆನ್ನಾಗೇ ಬರೀತೀನಿ ಬಿಡು. ಆಮೇಲೆ ಯಜಮಾನನ್ನ ಕೇಳಿ ಬೇರೆ ಪಾತ್ರ ತಗೋತೀನಿ. ಒಬ್ಬ ಮುದಿ ಕಾವಲುಗಾರ ಆಗ್ತೀನಿ. ನಿನ್ನ ಅರಮನೆ ಬಾಗಿಲಲ್ಲಿ ಸುಮ್ನೆ ನಿಂತಿರ್ತೀನಿ, ಯಾರಿಗೂ ತೊಂದ್ರೆ ಇಲ್ಲ."

"ಬೇಡ ಅಪ್ಪ."

"ಯಾಕೆ?"

"ಅದೊಂದಾದ್ರೂ ನನ್ನದು ಅಂತ ಇರ್ಲಿ. ನಂಗೆ ಅಲ್ಲಿ ಮರ್ಯಾದೆನೇ ಇಲ್ದಂಗಾಗಿದೆ. ಅಂಬಿಗ ಅಂದಿದ್ದು ನೋಡ್ದೆ ತಾನೇ? ನೋಡಿ ನಗ್ತಿದ್ದೆ ನೀನೂ."

"ಅಯ್ಯೋ, ಅದು ಸುಮ್ನೆ ತಮಾಷೆಗೆ ಕಣೇ. ನಾನೇನು ಮಾಡ್ದೆ ಹೇಳು? ಯಾವಾಗ್ಲೂ ನೀನೇ ಗೆಲ್ಲೋ ಹಾಗೆ ನೋಡ್ಕೊಂಡೆ."

"ಅದೇ ನೀನು ಮಾಡಿದ್ದು." ಅವಳ ದನಿ ಏರಲಿಲ್ಲ. "ಕಾರ್ ಕಲಿಸಿದಾಗಲೂ ಅಷ್ಟೇ. ನಾನೇ ಓಡಿಸ್ತಿದ್ದೀನಿ ಅಂದ್ಕೊಂಡಿದ್ದೆ. ಇಲ್ಲಿಗೆ ಬಂದು ಬೇರೆ ಕಾರಲ್ಲಿ ಕೂತಾಗ ಗೊತ್ತಾಯ್ತು, ನಂಗೆ ಸರಿಯಾಗಿ ಬ್ರೇಕ್ ಹಾಕೋಕೂ ಬರಲ್ಲ ಅಂತ. ಗೋಡೆಗೆ ಗುದ್ದಿದೆ."

"ಯಾವಾಗ? ಹೇಳ್ಲೇ ಇಲ್ವಲ್ಲೇ! ಏಟಾಯ್ತಾ?"

"ನೋಡು, ಇದಕ್ಕೇ ಹೇಳ್ಲಿಲ್ಲ."

ಮಗಳು ಅಷ್ಟೊಂದು ಮಾತಾಡಿ ಎಷ್ಟೋ ಕಾಲವಾಗಿತ್ತು. ಬೈಗುಳವೇ ಆದರೂ ಮುಗಿಯದಿರಲಿ ಎನಿಸಿತು.

"ಒಂದೇ ಒಂದು ಕೇಳ್ತೀನಿ ಅಪ್ಪ. ಇವತ್ತು ಬೇಕಂತ ಸೋಲ್ಬೇಡ. ಕಾಲಿಗೆ ಬೀಳ್ಬೇಡ, ಕ್ಷಮಿಸು ಅನ್ಬೇಡ. ಮಂತ್ರಿ ಮಂತ್ರಿ ಥರಾನೇ ಸಾಯ್ಲಿ. ನಿನ್ನ ಕೈಲಾದಷ್ಟು ಜೋರಾಗಿ ರಾಣಿಗೆ ಹೊಡಿ. ತಾಗುತ್ತೋ ಇಲ್ವೋ ನಾನು ನೋಡ್ಕೋತೀನಿ. ಒಂದು ಸಲ ನನ್ನನ್ನ ದೊಡ್ಡೋಳು ಅಂದ್ಕೋ."

"ಆಮೇಲೆ ಫೋನ್ ಮಾಡ್ತೀಯಾ?"

"ಮಾಡ್ತೀನಿ."

"ಬರೀ ಹೂಂ ಅನ್ನೋದಲ್ಲ ಮತ್ತೆ."

ಅವಳು ನಕ್ಕಳು. ಎಷ್ಟು ದಿನವಾಗಿತ್ತೋ ಆ ನಗು ಕೇಳಿ! "ಸರಿಯಾಗಿ ಮಾತಾಡ್ತೀನಿ. ಆಣೆ."

ಇಷ್ಟು ಸಾಕಲ್ಲ ಒಬ್ಬ ಅಪ್ಪನಿಗೆ? ಮೇಷ್ಟ್ರು ಒಳಗೆ ಬಂದು, ಮಗಳು ಅಂದದ್ದನ್ನೆಲ್ಲ ಹೆಂಡತಿಗೆ ಒಪ್ಪಿಸಿ, ಕುರ್ಚಿ ಎಳೆದುಕೊಂಡು ಕೂತರು. ಮಂತ್ರಿ ಹೋದರೆ ಹೋಗಲಿ, ಮಗಳು ಸಿಗುತ್ತಾಳೆ; ಒಂದು ಪುಟ ಚೆನ್ನಾಗಿ ಬರೆದರೆ ಸಾಕು. ಆದರೆ ಕೈ ಹಳೆಯ ದಾರಿಯನ್ನೇ ಹಿಡಿಯಿತು. ಮಂತ್ರಿಗೆ ಗಾಯವಾಯಿತು, ಮಂತ್ರಿ ರಾಣಿಯ ಪಾದದ ಬಳಿ ಕುಸಿದ, "ತಾಯೀ, ನಿನ್ನೆದುರು ನಾನು ಧೂಳು" ಎಂದ. ಹಿಂದಿನಿಂದ ಓದುತ್ತಿದ್ದ ಹೆಂಡತಿ ಸುಮ್ಮನಿರಲಾರದೆ ಹೋದಳು.

"ಅವಳು ಹೇಳಿದ್ದೇನು, ನೀವು ಮಾಡ್ತಿರೋದೇನು? ಕಾಲಿಗೆ ಬೀಳ್ಬೇಡಿ ಅಂದ್ರೆ ಅಡ್ಡಡ್ಡ ಬಿದ್ದಿದ್ದೀರಲ್ಲ!"

"ಇನ್ನೇನು ಬರೀಲಿ? ಅವಳನ್ನ ಬೈಯೋಕೆ ನಂಗೆ ಬರಲ್ಲ ಕಣೇ."

"ಬಾಯಿಗೆ ಬಂದಿದ್ದು ಬರೀರಿ, ಆಟ ತಾನೇ" ಎಂದು ಹೇಳಿ ಆಕೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು.

ಮೇಷ್ಟ್ರು ಎಲ್ಲ ಅಳಿಸಿದರು. ಮಂತ್ರಿಯನ್ನು ಸಿಂಹಾಸನದ ಮುಂದೆ ನಿಲ್ಲಿಸಿದರು. ಗಾಯವಾಗಿದೆ, ಸಾಯುತ್ತಾನೆ, ಸಾಯುವ ಮುಂಚೆ ಹೊಡೆಯಬೇಕು. ಕತ್ತಿಯಿಂದ ಹೊಡೆದರೆ ರಾಣಿ ತಪ್ಪಿಸಿಕೊಳ್ಳುತ್ತಾಳೆ. ಮಾತಿನಿಂದ ಹೊಡೆಯಬೇಕು. ಎಲ್ಲಿ ಹೊಡೆದರೆ ನೋಯುತ್ತದೆ ಎಂದು ಯೋಚಿಸಿದರು, ಬಹಳ ಯೋಚಿಸಬೇಕಾಗಲಿಲ್ಲ. ಹುಟ್ಟಿದ ದಿನದಿಂದ ಆ ಹುಡುಗಿಗೆ ಎಲ್ಲಿ ನೋಯುತ್ತದೆ ಎಂದು ಕಾದುಕೊಂಡು ಬಂದ ಮನುಷ್ಯ ಅವರು. ಮೊದಲ ಸಾಲು ಬರೆದರು. ಎರಡನೆಯದು ತಾನಾಗಿ ಬಂತು. ಆಮೇಲೆ ಬೆರಳು ನಿಲ್ಲಲಿಲ್ಲ.

"ರಾಣೀ, ನಿನ್ನ ಬಳಿ ಯಾರೂ ಉಳಿಯುವುದಿಲ್ಲ, ಉಳಿಯಲು ನೀನು ಬಿಡುವುದಿಲ್ಲ" ಎಂದ ಮಂತ್ರಿ. "ಕೈಹಿಡಿದು ನಡೆಸಿದವರ ಕೈಯನ್ನು ಸಂಕೋಲೆ ಎಂದೆ. ನಿನ್ನ ಜ್ವರಕ್ಕೆ ನಿದ್ದೆಗೆಟ್ಟವರನ್ನು ಕಾವಲಿನವರು ಎಂದೆ. ನಿನಗಾಗಿ ಒಬ್ಬ ಪರರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ತಗ್ಗಿದ ತಲೆಯನ್ನು ಕಂಡು ನೀನು ನಾಚಿದೆ, ಅದು ಯಾರಿಗಾಗಿ ತಗ್ಗಿತೆಂದು ಕೇಳಲಿಲ್ಲ. ಇದನ್ನು ನೀನು ಸ್ವಾತಂತ್ರ್ಯ ಎಂದುಕೊಂಡಿದ್ದೀಯೆ. ಇದರ ಹೆಸರು ಕೃತಘ್ನತೆ. ನಿನ್ನ ಗೆಲುವುಗಳೆಲ್ಲ ನಾನು ಹಾಕಿದ ಭಿಕ್ಷೆ. ಈಗ ಹಾಕುವವನು ಹೋಗುತ್ತಿದ್ದಾನೆ. ಇನ್ನು ನೀನು ಯಾರೆಂದು ನಿನಗೇ ತಿಳಿಯುತ್ತದೆ: ಯಾರೂ ಅಲ್ಲ." ಇಷ್ಟು ಹೇಳಿ ಮಂತ್ರಿ ನಿಂತಲ್ಲೇ ಸತ್ತ. ಬೀಳಲೂ ಇಲ್ಲ, ಕಂಬಕ್ಕೆ ಒರಗಿಕೊಂಡೇ ಸತ್ತ.

ಓದಿ ನೋಡಿದರು. ನಾಚಿಕೆ ಬಿಟ್ಟು ಹೇಳುವುದಾದರೆ, ಅವರಿಗೆ ಹಾಯೆನಿಸಿತ್ತು. ಬಹುದಿನದಿಂದ ನೋಯುತ್ತಿದ್ದ ಹಲ್ಲು ಕಿತ್ತು ಹಾಕಿದ ಮೇಲೆ ಆಗುವಂಥ ಹಾಯಿ. ಮಗಳ ಮೇಲೆ ತನಗೆ ಎಳ್ಳಷ್ಟೂ ಸಿಟ್ಟಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು, ತಾವೂ ನಂಬಿದ್ದರು. ಸಿಟ್ಟಿತ್ತು. ಕಾರ್ಖಾನೆಯಲ್ಲಿ ಕೈಮುಗಿದು ನಿಂತಾಗ ಅವಳು ಮುಖ ತಿರುಗಿಸಿಕೊಂಡ ಗಳಿಗೆಯಿಂದಲೂ ಇತ್ತು. ಇದು ಮಂತ್ರಿಯ ಮಾತಲ್ಲ, ನನ್ನದು ಎಂದು ಆ ಕ್ಷಣಕ್ಕೆ ಅವರಿಗೆ ಗೊತ್ತಾಯಿತು. ಅಳಿಸಬಹುದಿತ್ತು. ಅವಳೇ ಕೇಳಿದ್ದಾಳಲ್ಲ, ಜೋರಾಗಿ ಹೊಡಿ ಎಂದಿದ್ದಾಳಲ್ಲ ಎಂದುಕೊಂಡು ಕಳಿಸುವ ಗುಂಡಿ ಒತ್ತಿಬಿಟ್ಟರು.

ಆಟದಲ್ಲಿ ಗದ್ದಲವೋ ಗದ್ದಲ. "ಮೇಷ್ಟ್ರೇ, ಇದನ್ನೆಲ್ಲ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?" ಎಂದು ಬೇಹುಗಾರ್ತಿ ಕೇಳಿದಳು. ಮೈ ಜುಮ್ಮೆಂದಿತು ಎಂದ ಕಮ್ಮಾರ. ಅಂಬಿಗನಂತೂ "ಈ ಸಲ ಕಿಟಕಿ ಬಿಟ್ಟಿಲ್ಲ ನೋಡ್ರಪ್ಪಾ! ರಾಣಿ ಈಗ ಹೇಗೆ ಏಳ್ತಾಳೆ ನೋಡೋಣ" ಎಂದು ಕುಣಿದ. ಯಜಮಾನ ಮಂತ್ರಿಯ ಹೆಸರಿನ ಮುಂದೆ ಒಂದು ಹೂವಿನ ಚಿತ್ರ ಇಟ್ಟು ಗೌರವ ಸಲ್ಲಿಸಿದ. ಮೇಷ್ಟ್ರು ಬರುತ್ತಿದ್ದ ಹೊಗಳಿಕೆಯನ್ನೆಲ್ಲ ಓದಿದರು. ರಾಣಿಯ ಕಡೆಯಿಂದ ಮಾತ್ರ ಏನೂ ಇಲ್ಲ. ಬರೆಯುತ್ತಿರಬೇಕು ಎಂದುಕೊಂಡರು. ಫೋನನ್ನು ಕೈಗೆ ಸಿಗುವ ಹಾಗೆ ಮೇಜಿನ ಮೇಲೆ ಇಟ್ಟುಕೊಂಡರು.

ಫೋನ್ ಬಾರಿಸಿತು. ಮೇಷ್ಟ್ರದಲ್ಲ, ಹೆಂಡತಿಯದು. ಬಟ್ಟೆಯ ರಾಶಿ ಹೊತ್ತು ಆಗಷ್ಟೇ ಒಳಗೆ ಬಂದಿದ್ದ ಆಕೆ, "ಹೇಳು ಪುಟ್ಟಿ" ಎಂದು ಶುರು ಮಾಡಿ, ಮುಖ ಸಪ್ಪಗಾಗಿ, ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮೇಷ್ಟ್ರಿಗೆ ಒಳಗಿನ ಮಾತು ಕೇಳಿಸಲಿಲ್ಲ. ಹೆಚ್ಚು ಹೊತ್ತು ಮಾತೂ ಇರಲಿಲ್ಲ. ಹೊರಗೆ ಬಂದವಳು ಬ್ಲೌಸಿನ ತೋಳಿಗೆ ಕಣ್ಣೊರೆಸಿಕೊಂಡಳು.

"ಏನು ಬರೆದ್ರಿ ನೀವು ಅವಳಿಗೆ?"

"ಅವಳಿಗಲ್ಲ, ರಾಣಿಗೆ ಬರೆದೆ. ಯಾಕೆ, ಅಳ್ತಿದ್ದಾಳಾ?"

"ಅತ್ತಿದ್ರೆ ಸಮಾಧಾನ ಮಾಡ್ತಿದ್ದೆ. ಅಳ್ಲಿಲ್ಲ. ಅಪ್ಪ ಮನೇಲಿ ನಿನ್ನ ಹತ್ರಾನೂ ನನ್ನ ಬಗ್ಗೆ ಹೀಗೇ ಅಂತಿರ್ತಾರಾ ಅಂತ ಕೇಳಿದ್ಲು."

"ನೀನೇನಂದೆ?"

"ಇಲ್ವೇ ಇಲ್ಲ ಅಂದೆ. ಹಾಗಾದ್ರೆ ಇಷ್ಟು ವರ್ಷ ಒಬ್ರೇ ಒಳಗಿಟ್ಕೊಂಡಿದ್ರು ಬಿಡು ಅಂದ್ಲು."

"ಅವಳೇ ಕಣೇ ಹೇಳಿದ್ದು! ಜೋರಾಗಿ ಹೊಡಿ ಅಂತ ಅವಳೇ ಬಾಯಿಬಿಟ್ಟು ಕೇಳಿದ್ಲು!"

"ರಾಣಿಗೆ ಹೊಡಿ ಅಂದ್ಲು. ನೀವು ಬರೆದಿದ್ದನ್ನ ನಂಗೂ ಓದಿ ಹೇಳಿದ್ಲು. ಕಾರ್ಖಾನೆ ಬಾಗಿಲಲ್ಲಿ ನಿಂತಿದ್ದು ರಾಣಿಗೋಸ್ಕರನಾ? ಜ್ವರ ಬಂದಿದ್ದು ರಾಣಿಗಾ?" ಆಕೆ ಮಹಡಿಗೆ ಹೋಗುವ ಮುಂಚೆ ತಾನಂದ ಮಾತು ನೆನಪಾಯಿತೋ ಏನೋ, ಬಟ್ಟೆಯ ರಾಶಿಯ ಪಕ್ಕದಲ್ಲಿ ಕುಸಿದು ಕೂತಳು. "ನಾನೂ ಹಾಳಾದವಳು, ಬಾಯಿಗೆ ಬಂದಿದ್ದು ಬರೀರಿ ಅಂದೆ."

ಮೇಷ್ಟ್ರು ಮಗಳಿಗೆ ಫೋನ್ ಹಚ್ಚಿದರು. ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದರು, ಮತ್ತೆ ನಿಂತಿತು. ಆಟದಲ್ಲಾದರೂ ಅವಳು ನೋಡುತ್ತಾಳೆ ಎಂದು ಕಂಪ್ಯೂಟರಿನತ್ತ ತಿರುಗಿದರು. ನನ್ನ ಸಿಟ್ಟು ನಿಜ ಪುಟ್ಟೀ, ಆದರೆ ಕೊನೆಯ ಮಾತು ಸುಳ್ಳು, ನೀನು ಯಾರೂ ಅಲ್ಲ ಎಂದದ್ದು ಶುದ್ಧ ಸುಳ್ಳು ಎಂದು ಬರೆಯಬೇಕಿತ್ತು. ಕಥೆಯಲ್ಲಾಗಲಿ ಹರಟೆಯಲ್ಲಾಗಲಿ ಬರೆಯುವ ಜಾಗವೇ ಇರಲಿಲ್ಲ. ಹೂವು ಇಟ್ಟ ಕೈಯಲ್ಲೇ ಯಜಮಾನ ಮಂತ್ರಿಯ ಬಾಯಿಯನ್ನೂ ಮುಚ್ಚಿದ್ದ. ಸತ್ತವರು ಓದಬಹುದು, ಅಷ್ಟೇ.

ಓದುತ್ತ ಕೂತರು. ಹೆಂಡತಿ ಕಾಫಿ ತಂದಿಟ್ಟಳು, ಅದು ಆರಿತು. ಹೊರಗೆ ಇನ್ನೂ ಬೆಳಕಿತ್ತು. ರಾಣಿಯ ಉತ್ತರ ಬಂತು. ಉದ್ದವಾಗಿರಲಿಲ್ಲ.

"ತಾಗಿತು. ರಾಣಿ ಅದನ್ನು ಮುಚ್ಚಿಡಲಿಲ್ಲ. ಸಭೆಯೆಲ್ಲ ನೋಡುವ ಹಾಗೆ ಸಿಂಹಾಸನದಲ್ಲಿ ಕೂತು ನೋವು ತಿಂದಳು. ಆಮೇಲೆ ತಾನೇ ಎದ್ದಳು. ಹಿಡಿದು ಎಬ್ಬಿಸಲು ಬಂದವರನ್ನು ದೂರ ನಿಲ್ಲಿಸಿದಳು. ಕಂಬಕ್ಕೆ ಒರಗಿದ್ದ ಮಂತ್ರಿಯನ್ನು ತನ್ನ ಕೈಯಾರೆ ಇಳಿಸಿ ಮಲಗಿಸಿದಳು, ಕಣ್ಣು ಮುಚ್ಚಿದಳು. ಕೈ ತೊಳೆದುಕೊಂಡು ಬಂದು ಸಭೆಗೆ ಹೇಳಿದಳು: ಸೈನ್ಯ ಹೊರಡಲಿ. ಈತ ನನಗೆ ಏನಾಗಬೇಕಿತ್ತು ಎಂದು ಇನ್ನು ಮೇಲೆ ಯಾರೂ ನನ್ನನ್ನು ಕೇಳಬೇಡಿ."

ಮೊದಲು ಬರೆದವನು ಅಂಬಿಗನೇ. "ನನ್ನ ಮಾತು ವಾಪಸ್ ತಗೊಂಡೆ ರಾಣೀ, ತಪ್ಪಾಯ್ತು" ಎಂದ. ಆಮೇಲೆ ಒಬ್ಬರ ಹಿಂದೆ ಒಬ್ಬರು. ಯುದ್ಧವನ್ನು ರಾಣಿಯೇ ನಡೆಸಲಿ, ಇನ್ನು ಕೇಳುವುದೇನಿದೆ ಎಂದ ಯಜಮಾನ.

"ಏನಂತ್ರೀ?" ಎಂದು ಹೆಂಡತಿ ಕೂತಲ್ಲಿಂದಲೇ ಕೇಳಿದಳು. "ಏನು ಬರೆದಿದ್ದಾಳೆ?"

ಮೇಷ್ಟ್ರು ಕನ್ನಡಕ ತೆಗೆದರು. ಈ ಸಲ ಓದಿ ಹೇಳಲಿಲ್ಲ.

"ಗೆದ್ದಳು ಕಣೇ" ಎಂದರು. "ನಾನೇನೂ ಮಾಡ್ಲಿಲ್ಲ. ಅವಳೇ ಗೆದ್ದಳು."